ಎಂಟು ಆಟೀನು

ಬಾಯಿಂದ ಜಾರಿದ ಮಾತನ್ನೂ ಕೈಯಿಂದ ಜಾರಿದ ಇಸ್ಪೀಟೆಲೆಯನ್ನೂ ಶಿವನು ಕೂಡ ಹಿಂದಕ್ಕೆ ಕೊಡಿಸಲಾರ. ಮಧುಗಿರಿಯ ರೇಣುಕಯ್ಯನವರಿಗೆ ಈ ಸತ್ಯದ ಮೊದಲರ್ಧ ಶಿರಾದಲ್ಲಿ ತಿಳಿಯಿತು, ಉಳಿದರ್ಧ ಕೊರಟಗೆರೆಯಲ್ಲಿ.

ರೇಣುಕಯ್ಯನವರು ಮಧುಗಿರಿ ಬಸ್‌ಸ್ಟ್ಯಾಂಡಿನ ಹಿಂದೆ ಪಂಪ್‌ಸೆಟ್ಟಿನ ಬಿಡಿಭಾಗಗಳ ಅಂಗಡಿ ಇಟ್ಟವರು. ಬೆಳಗ್ಗೆ ಲಿಂಗಪೂಜೆ ಆಗದೆ ನೀರು ಮುಟ್ಟುವವರಲ್ಲ, ಯಾರಿಗೂ ಕೇಡು ಬಗೆದವರಲ್ಲ. ಭಗವಂತ ಅವರಲ್ಲಿಟ್ಟ ಕೊರತೆ ಒಂದೇ. ಯಾರು ಏನು ಕೇಳಿದರೂ 'ನನಗೆ ಬರುವುದಿಲ್ಲ' ಎನ್ನಲು ಅವರ ನಾಲಿಗೆ ಏಳುತ್ತಿರಲಿಲ್ಲ. ಎಂದೋ ಒಬ್ಬ ರೈತ ಪರದೇಶದ ಪಂಪೊಂದನ್ನು ಹೊತ್ತು ತಂದು, "ಇದು ರಿಪೇರಿ ಆಯ್ತದಾ ಸ್ವಾಮಿ?" ಎಂದು ಕೇಳಿದ್ದ. "ಓ, ಇದಾ? ಬಿಟ್ಟು ಹೋಗಿ" ಎಂದಿದ್ದರು. ಆ ಪಂಪು ಅಂಗಡಿಯ ಮೂಲೆಯಲ್ಲಿ ಬಿಚ್ಚಿದ ಸ್ಥಿತಿಯಲ್ಲೇ ಇಂದಿಗೂ ಇದೆ. ರೈತ ಮಾತ್ರ ಬಾವಿ ಬತ್ತಿದ ಮೇಲೆ ಬರುವುದನ್ನು ನಿಲ್ಲಿಸಿದ.

ಅವರ ಒಬ್ಬಳೇ ಮಗಳು ಲೋಹಿತಾ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಹೇಳುತ್ತಿದ್ದಳು. ಅದೇ ಕಾಲೇಜಿನಲ್ಲಿ ಗಣಿತ ಹೇಳುವ ಶಿರಾದ ನಾಗಭೂಷಣನನ್ನು ಅವಳು ಮೆಚ್ಚಿದ್ದಳು, ಅವನೂ ಮೆಚ್ಚಿದ್ದ. ಗುರುಗಳ ಒಪ್ಪಿಗೆ ಆಗಿತ್ತು, ಜಾತಕ ಕೂಡಿತ್ತು. ಉಳಿದದ್ದು ಹುಡುಗನ ತಂದೆ ಓಂಕಾರಪ್ಪನವರ ಬಾಯಿಂದ ಒಂದು 'ಹೂಂ'. ಅವರು ನಿವೃತ್ತ ಎಂಜಿನಿಯರು. ಹೆಂಡತಿ ಸರ್ವಮಂಗಳಮ್ಮ ತೀರಿಕೊಂಡು ವರ್ಷ ಕಳೆದಿತ್ತು. ಅಂದಿನಿಂದ ಅವರ ಮನೆಯಲ್ಲಿ ಮಾತು ಎನ್ನುವುದು ಬೇಸಗೆಯ ನಲ್ಲಿಯ ನೀರಿನ ಹಾಗೆ, ಬಂದರೆ ಬಂತು.

ಹೂಂ ಅನ್ನಿಸಿಕೊಳ್ಳಲೆಂದು ರೇಣುಕಯ್ಯನವರು ಹೆಂಡತಿ ಚನ್ನಮಲ್ಲಮ್ಮನ ಜೊತೆ ಶಿರಾಕ್ಕೆ ಹೋದರು. ಉಪ್ಪಿಟ್ಟು ಬಂತು, ಕಾಫಿ ಬಂತು, ಮಾತು ಬರಲಿಲ್ಲ. ಗೋಡೆಯ ಗಡಿಯಾರ ಒಂದೇ ಮಾತಾಡುತ್ತಿತ್ತು. ಆ ಮೌನ ತಡೆಯಲಾರದೆ ರೇಣುಕಯ್ಯನವರು ಗಾಜಿನ ಬೀರುವಿನಲ್ಲಿ ಸಾಲಾಗಿ ಇಟ್ಟಿದ್ದ ಬೆಳ್ಳಿ ಬಣ್ಣದ ಕಪ್ಪುಗಳ ಕಡೆ ಕೈ ತೋರಿಸಿದರು.

"ಇವೇನು ಸಾರ್, ಬಹುಮಾನಗಳಾ?"

"ಬ್ರಿಡ್ಜು. ಇಸ್ಪೀಟಿನ ಆಟ" ಎಂದರು ಓಂಕಾರಪ್ಪ. ಅನಂತರ ಮೊದಲ ಬಾರಿಗೆ ತಲೆಯೆತ್ತಿ ನೋಡಿ, "ಆಡ್ತೀರಾ?" ಎಂದರು.

ಇಲ್ಲ ಎಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

"ಏನೋ, ಸ್ವಲ್ಪ ಸ್ವಲ್ಪ."

ಓಂಕಾರಪ್ಪನವರ ಬೆನ್ನು ನೆಟ್ಟಗಾಯಿತು. "ಯಾವ ಪದ್ಧತಿ?"

ರೇಣುಕಯ್ಯನವರಿಗೆ ಗೊತ್ತಿದ್ದ ಪದ್ಧತಿಗಳು ಎರಡೇ: ಮದುವೆಯ ಪದ್ಧತಿ, ಹೋಳಿಗೆ ಸಾರಿನ ಪದ್ಧತಿ. ಎರಡರಲ್ಲೂ ಊರಿನ ಹೆಸರು ಹೇಳುವುದು ವಾಡಿಕೆ. "ನಮ್ಮದು ಮಧುಗಿರಿ ಪದ್ಧತಿ" ಎಂದುಬಿಟ್ಟರು.

ಓಂಕಾರಪ್ಪ ಕಣ್ಣು ಮುಚ್ಚಿ ನಿಧಾನವಾಗಿ ತಲೆದೂಗಿದರು. "ಮಧುಗಿರಿ ಪದ್ಧತಿ. ಕೇಳಿದ್ದೇನೆ. ಕಠಿಣ."

ಇಲ್ಲದ ಪದ್ಧತಿಯನ್ನು ಇವರು ಎಲ್ಲಿ ಕೇಳಿದರು ಎಂದು ಆಶ್ಚರ್ಯಪಡಲು ರೇಣುಕಯ್ಯನವರಿಗೆ ಬಿಡುವಿರಲಿಲ್ಲ. ಓಂಕಾರಪ್ಪನವರ ಮುಂದಿನ ಮಾತು ಬಂದೇಬಿಟ್ಟಿತು.

"ಮುಂದಿನ ತಿಂಗಳು ಕೊರಟಗೆರೆಯಲ್ಲಿ ನಾಲ್ಕು ತಾಲ್ಲೂಕಿನ ಪಂದ್ಯ ಇದೆ. ನನ್ನ ಎದುರಿಗೆ ನೀವು ಕೂತ್ಕೊಳ್ಳಿ. ಮನುಷ್ಯ ಎಂಥವನು ಅಂತ ಜಾತಕ ಹೇಳಲ್ಲ, ಎಲೆ ಹೇಳುತ್ತೆ. ಪಂದ್ಯ ಮುಗಿದ ದಿನ ಮದುವೆ ವಿಚಾರ ಹೇಳ್ತೀನಿ."

ಹಿಂದಿರುಗುವ ಬಸ್ಸಿನಲ್ಲಿ ಚನ್ನಮಲ್ಲಮ್ಮ ಬಡವನಹಳ್ಳಿ ದಾಟಿದ ಮೇಲೆ ಬಾಯಿ ತೆರೆದರು. "ನೀವ್ಯಾವಾಗ್ರೀ ಇಸ್ಪೀಟ್ ಆಡಿದ್ದು? ನಾ ಕಂಡಂಗೆ ನಿಮ್ಮ ಕೈಗೆ ಬಂದಿರೋದು ಊಟದ ಎಲೆ ಒಂದೇಯ."

"ಕಲೀಬೌದು ಕಣೇ."

"ಆ ಪಂಪು ಕಲಿತ್ರಲ್ಲ, ಹಂಗಾ?"

ಲೋಹಿತಾ ಸಿಟ್ಟು ಮಾಡಲಿಲ್ಲ. ಅವಳು ಸಿಟ್ಟು ಮಾಡಿದ್ದರೆ ರೇಣುಕಯ್ಯನವರಿಗೆ ಎಷ್ಟೋ ಹಗುರವಾಗುತ್ತಿತ್ತು. "ಅಪ್ಪಾ, ನಿಜ ಹೇಳ್ಬಿಡೋಣ" ಎಂದಳು. "ಹೇಳಿದ್ರೆ ಸುಳ್ಳುಗಾರನ ಮನೆ ಹೆಣ್ಣು ಅಂತಾರಮ್ಮ" ಎಂದರು ಅವರು. ಅವಳು ಸಂಜೆಯಿಂದಲೇ ಮೊಬೈಲಿನಲ್ಲಿ ವಿಡಿಯೋ ನೋಡಿ ತಾನು ಕಲಿತು, ತಂದೆಗೆ ಪಾಠ ಶುರು ಮಾಡಿದಳು. ಆಟಕ್ಕೆ ನಾಲ್ಕು ಜನ ಬೇಕಾದ್ದರಿಂದ ಪಕ್ಕದ ಮನೆಯ ಚಿಕ್ಕಲಕ್ಷ್ಮಮ್ಮನನ್ನು ಕೂರಿಸಿಕೊಂಡರು. ಚಿಕ್ಕಲಕ್ಷ್ಮಮ್ಮ ಕಡಲೆಕಾಯಿ ಸುಲಿಯುತ್ತಲೇ ಎಲೆ ಹಿಡಿದು, "ಈ ಇಸ್ಪೇಟ್ ರಾಜ ನೋಡವ್ವ, ಥೇಟ್ ನಮ್ಮ ಯಜಮಾನ್ರಂಗೇ ಅವ್ನೆ. ಕತ್ತಿ ಹಿಡ್ಕಂಡವ್ನೆ, ಕೆಲ್ಸ ಮಾತ್ರ ಏನೂ ಇಲ್ಲ" ಎಂದಳು.

"ನೋಡಪ್ಪಾ" ಎಂದಳು ಲೋಹಿತಾ. "ಎದುರುಬದುರು ಕೂತೋರು ಜೊತೆಗಾರರು. ಎಲ್ಲರಿಗೂ ಹದಿಮೂರು ಎಲೆ. ನಾಲ್ಕೂ ಜನ ಒಂದೊಂದು ಎಲೆ ಹಾಕಿದ್ರೆ ಒಂದು ಪಟ್ಟು, ದೊಡ್ಡ ಎಲೆ ಹಾಕಿದೋರಿಗೆ ಅದು. ಮೊದಲು ಮಾತಿನ ಹರಾಜು. ಇಂಥ ಬಣ್ಣ ತುರುಫು, ಅಂದ್ರೆ ಮಿಕ್ಕ ಬಣ್ಣಗಳನ್ನ ಹೊಡೆಯೋ ಬಣ್ಣ, ಇಷ್ಟು ಪಟ್ಟು ಗೆಲ್ತೀವಿ ಅಂತ ಕೂಗಬೇಕು. ಆರು ಪಟ್ಟು ಹೇಗೂ ಲೆಕ್ಕಕ್ಕಿಲ್ಲ. ಒಂದು ಅಂದ್ರೆ ಏಳು ಪಟ್ಟು, ಏಳು ಅಂದ್ರೆ ಹದಿಮೂರೂ. ಹೆಚ್ಚು ಕೂಗಿದೋರದ್ದು ಆಟ. ಸಂಖ್ಯೆ ಒಂದೇ ಆದ್ರೆ ಆಟೀನಿಗಿಂತ ಇಸ್ಪೇಟು ಮೇಲು. ಕೂಗೋಕಿಷ್ಟ ಇಲ್ಲ ಅಂದ್ರೆ ಪಾಸ್."

"ಇದು ದೇವಸ್ಥಾನದ ಹೂವಿನ ಹಾರದ ಸವಾಲಿನ ಹಂಗೇ ಐತಲ್ಲ."

"ಅಲ್ಲಿ ದುಡ್ಡು ಹೋಗುತ್ತೆ, ಇಲ್ಲಿ ನನ್ನ ಮದುವೆ. ಮುಖ್ಯವಾದ್ದು ಕೇಳು. ಗೆದ್ದ ಬಣ್ಣವನ್ನ ಜೋಡಿಯಲ್ಲಿ ಮೊದಲು ಯಾರು ಹೇಳಿದ್ರೋ ಅವರೇ ಎರಡೂ ಕೈ ಆಡಬೇಕು. ಇನ್ನೊಬ್ಬರು ತಮ್ಮ ಎಲೆ ಮೇಜಿನ ಮೇಲೆ ಬಿಡಿಸಿಟ್ಟು ಸುಮ್ಮನೆ ಕೂರಬಹುದು. ಅವರಿಗೆ ಡಮ್ಮಿ ಅಂತಾರೆ. ನಿನಗೆ ಬೇಕಾದ್ದು ಆ ಜಾಗ. ಹಾಗಾಗಿ ನೀನು ಬಣ್ಣದ ಹೆಸರು ಎತ್ತಲೇಬೇಡ. ಅವರು ಒಂದು ಬಣ್ಣ ಅಂದ್ರೆ, ಅದನ್ನೇ ಒಂದು ಮೇಲೆ ಅನ್ನು. ಆಟ ಅವರ ತಲೆ ಮೇಲೆ ಹೋಗುತ್ತೆ."

ಬೀಗರಾಗುವವರ ಮಾತನ್ನು ಒಂದು ಮೇಲೆ ಎತ್ತುವುದು! ಹೆಣ್ಣಿನ ತಂದೆಗೆ ಇದಕ್ಕಿಂತ ಸಹಜವಾದ ಕೆಲಸ ಯಾವುದು? ರೇಣುಕಯ್ಯನವರಿಗೆ ಬ್ರಿಡ್ಜ್ ಆಟ ಶೈವರೇ ಕಂಡುಹಿಡಿದದ್ದಿರಬೇಕು ಎನ್ನಿಸಿತು.

ಆದರೆ ಊರು ಸುಮ್ಮನಿದ್ದೀತೇ? ಚಿಕ್ಕಲಕ್ಷ್ಮಮ್ಮ ನೀರಿನ ಟ್ಯಾಂಕಿನ ಬಳಿ, "ರೇಣುಕಯ್ಯೋರು ಇಸ್ಪೀಟಾಡಿ ಗೆದ್ರೆ ಲೋಹಿತನ್ ಮದ್ವೆಯಂತೆ" ಎಂದಳು. ಟ್ಯಾಂಕಿನಿಂದ ಹಿಟ್ಟಿನ ಗಿರಣಿಗೆ ಹೋಗುವಷ್ಟರಲ್ಲಿ ಅದು, "ಮಗಳ್ನೇ ಪಣಕ್ಕಿಟ್ಟವ್ರೆ" ಎಂದಾಯಿತು. ಗಿರಣಿಯ ನರಸಮ್ಮ ಹಿಟ್ಟು ಸವರಿದ ಕೈಯಲ್ಲೇ ಓಡಿಬಂದು ಚನ್ನಮಲ್ಲಮ್ಮನನ್ನು ತಬ್ಬಿಕೊಂಡು ಅತ್ತಳು. "ಅಯ್ಯೋ ನಮ್ಮವ್ವ, ವಿಭೂತಿ ಇಕ್ಕೋ ಮನೇಲಿ ಇಂಗಾಗ್ಬೌದಾ? ಹೆಂಗ್ ತಡ್ಕಂಡೀಯೆ ತಾಯಿ?" ಚನ್ನಮಲ್ಲಮ್ಮ ಬೆನ್ನಿನ ಹಿಟ್ಟು ಒದರಿಕೊಳ್ಳುತ್ತ, "ಅವ್ರ್ ಜೊತೆ ಬಾಳಿದ ಮೇಲೆ ಅಭ್ಯಾಸ ಆಯ್ತದೆ ಬಿಡು" ಎಂದರು.

ಮಾರನೆಯ ದಿನ ಅಂಗಡಿಗೆ ಹೆಡ್ ಕಾನ್‌ಸ್ಟೇಬಲ್ ಅನಿಲ್ ಕುಮಾರ್ ಬಂದು ಬೈಕಿನಿಂದ ಇಳಿಯದೆಯೇ ಕೇಳಿದ: "ಸ್ವಾಮಿ, ನಿಮ್ಮನೇಲಿ ದಿನಾ ಸಂಜೆ ಎಲೆ ಬೀಳ್ತಾವಂತೆ. ಯಾರ್ಯಾರು ಬತ್ತಾರೆ?"

"ನಮ್ಮನೆಯೋರು, ಮಗಳು, ಚಿಕ್ಕಲಕ್ಷ್ಮಮ್ಮ."

ಅನಿಲ್ ಕುಮಾರ್ ಬೈಕಿನಿಂದ ಇಳಿದ. ಅವನ ಸೇವಾವಧಿಯಲ್ಲಿ ಇಂಥ ಅಡ್ಡೆಯನ್ನು ಅವನು ಕಂಡಿರಲಿಲ್ಲ. ಬ್ರಿಡ್ಜು, ಹಣ ಕಟ್ಟುವ ಆಟವಲ್ಲ ಎಂದು ವಿವರಿಸಿದ ಮೇಲೆ ಟೋಪಿ ತೆಗೆದು ಕುಳಿತ. "ಬ್ರಿಡ್ಜಾ? ನಮ್ಮ ಹಳೇ ಸಾಹೇಬ್ರು ಆಡೋರು ಬುಡಿ. ಅದ್ರಾಗೆ ಗೊತ್ತಿರೋ ನಾಕು ಪದ ಬಿಟ್ರೆ ಬೇರೆ ಮಾತೇ ಆಡಂಗಿಲ್ಲ. ಹುಬ್ಬು ಹಾರಿಸಂಗಿಲ್ಲ, ಕೆಮ್ಮಂಗಿಲ್ಲ. ಸುಮ್ಕಿರೋದು ನಿಮ್ಮ ಕೈಲಾಯ್ತದಾ ಸ್ವಾಮಿ?"

"ಆಯ್ತದೆ" ಎಂದರು ರೇಣುಕಯ್ಯ. ಬರುವುದಿಲ್ಲ ಎನ್ನಲು ನಾಲಿಗೆ ಏಳಬೇಕಲ್ಲ.

ಪಂದ್ಯದ ದಿನ ಕೊರಟಗೆರೆಯ ಸಮುದಾಯ ಭವನದಲ್ಲಿ ಹಸಿರು ಬಟ್ಟೆ ಹಾಸಿದ ಮೇಜುಗಳು. ತೀರ್ಪುಗಾರರು ನಿವೃತ್ತ ತಹಸೀಲ್ದಾರ್ ಸಿದ್ದಗಂಗಯ್ಯನವರು. ಕೆಂಪು ರಟ್ಟಿನ ನಿಯಮದ ಪುಸ್ತಕವನ್ನು ಹಸುಗೂಸಿನಂತೆ ಎದೆಗವಚಿಕೊಂಡು ಓಡಾಡುತ್ತಿದ್ದರು. ಕಿಟಕಿಯಾಚೆ ಜಗುಲಿಯ ಮೇಲೆ ಚನ್ನಮಲ್ಲಮ್ಮ, ಲೋಹಿತಾ, ನಾಗಭೂಷಣ. ಅವರ ಜೊತೆ ಕರೆಯದೆ ಬಂದ ಚಿಕ್ಕಲಕ್ಷ್ಮಮ್ಮ. ನೋಡುವವರು ಸದ್ದು ಮಾಡಬಾರದು ಎಂದಾಗ ಅವಳು, "ಉಸ್ರು ಬುಡ್ಬೌದಾ?" ಎಂದು ಕೇಳಿ ಅಪ್ಪಣೆ ಪಡೆದಳು.

ಪಟ್ಟನಾಯಕನಹಳ್ಳಿ ಮಠದ ವಿಭೂತಿಯನ್ನು ಧರಿಸಿ ರೇಣುಕಯ್ಯನವರು ಕುಳಿತರು. ಬೆಳಗಿನಿಂದ ಲೋಹಿತಾಳ ಮಾತನ್ನು ಒಂದು ಅಕ್ಷರ ಮೀರಲಿಲ್ಲ. ಓಂಕಾರಪ್ಪ ಸುಮ್ಮನಿದ್ದರೆ ಪಾಸ್. ಅವರು ಬಣ್ಣ ಹೇಳಿದರೆ ಅದೇ ಬಣ್ಣ, ಒಂದು ಮೇಲೆ. ಪ್ರತಿ ಆಟವೂ ಓಂಕಾರಪ್ಪನವರ ತಲೆಗೇ ಬಂತು. ಅವರು ಒಂದೊಂದು ಎಲೆಗೂ ಕರವಸ್ತ್ರದಿಂದ ಕತ್ತು ಒರೆಸಿಕೊಂಡು, ಛಾವಣಿ ನೋಡಿ, ತುಟಿ ಕಚ್ಚಿ, ಕೊನೆಗೆ ಒಂದೆರಡು ಪಟ್ಟಿನಿಂದ ಸೋಲುತ್ತಿದ್ದರು. ದೊಡ್ಡ ಆಟಗಾರರು ಸೋಲುವುದರಲ್ಲೂ ಏನೋ ಆಳವಿರಬೇಕೆಂದು ರೇಣುಕಯ್ಯನವರು ಭಕ್ತಿಯಿಂದ ನೋಡುತ್ತಿದ್ದರು.

ಕೊನೆಯ ಆಟಕ್ಕೆ ಮುಂಚಿನ ಕಾಫಿಯ ವೇಳೆಗೆ ಪಾವಗಡದ ಜೋಡಿ ಮುಂದಿತ್ತು; ಇವರ ಕೊನೆಯ ಆಟ ಅವರ ಎದುರೇ. ಆ ಜೋಡಿ ಅಕ್ಕ ತಮ್ಮ. ಅಕ್ಕ ರಾಮಾಂಜಿನಮ್ಮ ವೈ.ಎನ್.ಹೊಸಕೋಟೆಯ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಕನ್ನಡಕದ ಮೇಲಿನಿಂದ ನೋಡಿದರೆ ಎದುರಿಗಿದ್ದವರು ತಾವಾಗಿಯೇ ಬೆತ್ತದೇಟಿಗೆ ಬೆರಳು ಚಾಚುತ್ತಿದ್ದರು. ತಮ್ಮ ವೆಂಕಟರವಣಪ್ಪ ವಕೀಲರು; ಕೋರ್ಟಿನಲ್ಲಿ ಹುಲಿ, ಅಕ್ಕನ ಎದುರು ಒಂದನೇ ತರಗತಿ.

ಓಂಕಾರಪ್ಪ ರೇಣುಕಯ್ಯನವರನ್ನು ಕಂಬದ ಮರೆಗೆ ಕರೆದರು. ಅವರ ಮುಖ ಬಿಳಿಚಿತ್ತು. "ಬೆಳಗಿನಿಂದ ನೀವು ಒಂದು ಬಣ್ಣದ ಹೆಸರೂ ಎತ್ತಲಿಲ್ಲ. ಹೀಗೆ ಎಲ್ಲ ಭಾರ ಎದುರಿನವರ ಮೇಲೆ ಹಾಕೋರ ಜೊತೆ ಸಂಬಂಧ ಬೆಳೆಸೋದು ಹೇಗೆ ಹೇಳಿ? ಈ ಸಲ ನೀವು ಮೊದಲು ಬಾಯಿ ಬಿಡಬೇಕು. ಇಲ್ಲದಿದ್ದರೆ..."

ಇಲ್ಲದಿದ್ದರೆ ಏನೆಂದು ಅವರು ಹೇಳಲಿಲ್ಲ. ಕಿಟಕಿಯಲ್ಲಿ ನಿಂತ ಲೋಹಿತಾಳ ಮುಖ ನೋಡಿ ರೇಣುಕಯ್ಯನವರೇ ಅರ್ಥ ಮಾಡಿಕೊಂಡರು.

ಕೊನೆಯ ಆಟದ ಎಲೆ ಹಂಚಿದರು. ರೇಣುಕಯ್ಯನವರು ಬಿಡಿಸಿ ನೋಡಿದರೆ ಇಸ್ಪೇಟಿನ ಸಂಸಾರವೇ ಅವರ ಕೈಗೆ ಬಂದಿತ್ತು: ಎಕ್ಕ, ರಾಜ, ರಾಣಿ, ಗುಲಾಮ, ಹತ್ತು, ಜೊತೆಗೊಂದು ಚಿಲ್ಲರೆ. ಮೊದಲ ಮಾತು ಅವರದ್ದೇ. ಮಗಳ ಪಾಠ ಒಂದು ಕಡೆ, ಬೀಗರ ಅಪ್ಪಣೆ ಒಂದು ಕಡೆ.

"ಒಂದು ಇಸ್ಪೇಟು" ಎಂದರು.

ಕಿಟಕಿಯಾಚೆ ಲೋಹಿತಾ ಹಣೆ ಚಚ್ಚಿಕೊಂಡಳು. ವಕೀಲರು ಪಾಸ್ ಎಂದರು. ಓಂಕಾರಪ್ಪನವರ ಮುಖದಲ್ಲಿ ಬೆಳಗಿನಿಂದ ಇಲ್ಲದ ಕಳೆ ಬಂತು. ಆದರೆ ಅವರ ಕೈಯಲ್ಲಿ ಆಟೀನೇ ಆಟೀನು. ಕಣ್ಣಿಗೆ ಕಂಡದ್ದನ್ನು ಬಾಯಿ ಹೇಳಿಬಿಟ್ಟಿತು.

"ಎರಡು ಆಟೀನು."

ಹೇಳಿದ ಮರುಕ್ಷಣವೇ ಅವರು ನಾಲಿಗೆ ಕಚ್ಚಿಕೊಂಡದ್ದನ್ನು ಯಾರೂ ಗಮನಿಸಲಿಲ್ಲ. ರೇಣುಕಯ್ಯನವರಿಗಂತೂ ಹೋದ ಜೀವ ಬಂದಿತು. ಬೀಗರು ಬಣ್ಣ ಹೇಳಿದರು! ಒಂದು ಮೇಲೆ ಎತ್ತಿದರೆ ಮುಗಿಯಿತು.

"ಮೂರು ಆಟೀನು."

"ಮೂರು ಇಸ್ಪೇಟು" ಎಂದರು ಓಂಕಾರಪ್ಪ, ತಟ್ಟೆ ಹಿಂದಕ್ಕೆ ತಳ್ಳುವವರಂತೆ.

ರೇಣುಕಯ್ಯನವರು ಬೆಚ್ಚಿದರು. ಬೀಗರು ತಮ್ಮ ಬಣ್ಣ ಬಿಟ್ಟು ಹೆಣ್ಣಿನ ಕಡೆಯವರ ಬಣ್ಣಕ್ಕೆ ಮರ್ಯಾದೆ ಕೊಟ್ಟರು. ಎಂಥ ದೊಡ್ಡ ಮನಸ್ಸು! ಆದರೆ ಹೆಣ್ಣು ಕೊಡುವವರು ಬಂದ ಮರ್ಯಾದೆಯನ್ನು ಇಟ್ಟುಕೊಳ್ಳುವ ಹಾಗಿಲ್ಲ. ಪಂಕ್ತಿಯಲ್ಲಿ ಬೀಗರು 'ನೀವು ಮೊದಲು' ಎಂದರೆ 'ಇಲ್ಲ, ನೀವೇ ಮೊದಲು' ಎನ್ನಬೇಕು; ಸಾಕು ಎಂದರೆ ಇನ್ನೊಂದು ಹೋಳಿಗೆ ಬೀಳಬೇಕು. ಪಾಸ್ ಎಂದು ಕೈ ತೊಳೆದರೆ ಹುಟ್ಟಿದ ಮನೆಗೆ ಕೆಟ್ಟ ಹೆಸರು.

"ನಾಲ್ಕು ಆಟೀನು."

"ನಾಲ್ಕು ಇಸ್ಪೇಟು."

ರಾಮಾಂಜಿನಮ್ಮ ಕನ್ನಡಕ ಕೆಳಗಿಳಿಸಿದರು. ಕೂಗಿನ ಅರ್ಥವನ್ನು ಎದುರಾಳಿಗಳು ಕೇಳಬಹುದು, ಕೂಗಿದವನ ಜೊತೆಗಾರ ಹೇಳಬೇಕು ಎಂಬುದು ನಿಯಮ. "ಏಂ ಸಾರ್" ಎಂದರು ಓಂಕಾರಪ್ಪನವರ ಕಡೆಗೆ ತಿರುಗಿ, ಪಾವಗಡದ ತೆಲುಗು ಬೆರೆತ ಕನ್ನಡದಲ್ಲಿ, "ಮೀ ಪಾರ್ಟ್ನರು ಮಳ್ಳೀ ಮಳ್ಳೀ, ತಿರ್ಗಾ ತಿರ್ಗಾ ಆಟೀನು ಅಂತಾರಲ್ಲ, ಅರ್ಥಂ ಏಮಿ?"

ಓಂಕಾರಪ್ಪ ಗಂಭೀರವಾಗಿ ಹೇಳಿದರು: "ಇದು ಮಧುಗಿರಿ ಪದ್ಧತಿ. ಅದರಲ್ಲಿ ಇದು ಸಮ್ಮತಿ."

"ಆಯನ ಇಸ್ಪೇಟು ಅಂದ್ರೆ?" ಎಂದರು ವಕೀಲರು, ಓಂಕಾರಪ್ಪನವರನ್ನು ತೋರಿಸಿ ರೇಣುಕಯ್ಯನವರ ಕಡೆ ತಿರುಗಿ.

"ಅದು ನಮ್ಮ ಬೀಗರ ದೊಡ್ಡತನ" ಎಂದರು ರೇಣುಕಯ್ಯ.

ಸಿದ್ದಗಂಗಯ್ಯನವರು ಪುಸ್ತಕದ ಪುಟ ತಿರುವಿದರು. 'ದೊಡ್ಡತನ' ಎಂಬ ಅಧ್ಯಾಯ ಅದರಲ್ಲಿ ಸಿಗಲಿಲ್ಲ.

"ಐದು ಆಟೀನು."

"ಐದು ಇಸ್ಪೇಟು."

ಪಕ್ಕದ ಮೇಜುಗಳ ಆಟ ನಿಂತಿತು. ಜನ ಕುರ್ಚಿ ಬಿಟ್ಟು ಬಂದು ಸುತ್ತ ನಿಂತರು. ಓಂಕಾರಪ್ಪನವರ ಕತ್ತಿನಿಂದ ಬೆವರು ಇಳಿಯುತ್ತಿತ್ತು. ರೇಣುಕಯ್ಯನವರ ಹಣೆಯ ವಿಭೂತಿ ಕರಗಿ ಹುಬ್ಬಿಗೆ ಬಂದಿತ್ತು.

"ಆರು ಆಟೀನು."

"ಇದು?" ಎಂದರು ರಾಮಾಂಜಿನಮ್ಮ.

"ಅದೇ ಸಮ್ಮತಿ. ಒತ್ತಿ ಹೇಳಿದ್ದು" ಎಂದ ಓಂಕಾರಪ್ಪ ಕಣ್ಣು ಮುಚ್ಚಿ, "ಆರು ಇಸ್ಪೇಟು" ಎಂದರು.

"ಏಳು ಆಟೀನು" ಎಂದರು ರೇಣುಕಯ್ಯ. ಧ್ವನಿ ಕೀರಲಾಗಿತ್ತು.

"ಏಳು ಇಸ್ಪೇಟು!"

ಹದಿಮೂರು ಪಟ್ಟಿನಲ್ಲಿ ಹದಿಮೂರೂ ಗೆಲ್ಲಬೇಕು. ಒಂದು ಹೋದರೂ ಎಲ್ಲ ಹೋದಂತೆ. ರಾಮಾಂಜಿನಮ್ಮ ಎಲೆಗಳನ್ನು ಜೋಡಿಸಿ ಮೇಜಿಗೆ ಕುಟ್ಟಿ, "ಡಬಲ್" ಎಂದರು. ಅಂದರೆ, ನೀವು ಸೋಲುತ್ತೀರಿ, ಬೇಕಾದರೆ ಎರಡರಷ್ಟು ದಂಡ ಬರೆಯಿರಿ ಎಂದು. ಅವರ ಕೈಯಲ್ಲಿ ಡೈಮನ್ ಎಕ್ಕ ಇತ್ತು. ಆ ಒಂದೇ ಎಲೆ ಸಾಕಿತ್ತು.

ಈಗ ರೇಣುಕಯ್ಯನವರ ಸರದಿ. ಇಲ್ಲಿಯವರೆಗೆ ಬಂದು ಬೀಗರ ಮರ್ಯಾದೆಯನ್ನು ಕೈಬಿಡುವುದೇ? ಅವರು ಉಸಿರು ಎಳೆದುಕೊಂಡರು.

"ಎಂಟು ಆಟೀನು!"

ಸಿದ್ದಗಂಗಯ್ಯನವರ ಕೈಯಿಂದ ಪುಸ್ತಕ ಬಿದ್ದಿತು. "ಸ್ವಾಮೀ, ಎಂಟು ಅಂದ್ರೆ ಹದಿನಾಲ್ಕು ಪಟ್ಟು! ಇರೋದೇ ಹದಿಮೂರು! ಹದಿನಾಲ್ಕನೇದು ಎಲ್ಲಿಂದ ತತ್ತೀರಿ?"

ಹೊರಗೆ ಚಿಕ್ಕಲಕ್ಷ್ಮಮ್ಮ ತಡೆಯಲಾರದೆ ಕೂಗಿದಳು: "ನಮ್ಮೂರಿಂದ ತತ್ತೀವಿ ಬುಡಿ!"

ಅವಳನ್ನು ಸುಮ್ಮನಾಗಿಸಿ ಸಿದ್ದಗಂಗಯ್ಯನವರು ತೀರ್ಪು ಕೊಟ್ಟರು. ಎಂಟು ಎಂಬ ಕೂಗು ಇಲ್ಲ. ಹೇಳಿದವರು ಇನ್ನು ಪಾಸ್ ಎನ್ನಲೇಬೇಕು. ಏಳು ಇಸ್ಪೇಟು, ಡಬಲ್. ಇಸ್ಪೇಟನ್ನು ಮೊದಲು ಹೆಸರಿಸಿದ ರೇಣುಕಯ್ಯನವರೇ ಆಡತಕ್ಕದ್ದು.

ಮೊದಲ ಎಲೆ ವಕೀಲರದ್ದು. ಅವರಿಗೆ ಅಕ್ಕ ಕಲಿಸಿದ ಪಾಠ ನೆನಪಿಗೆ ಬಂತು. ಇಷ್ಟು ದೊಡ್ಡ ಕೂಗಿಗೆ ಜೊತೆಗಾರ ಡಬಲ್ ಎಂದರೆ, ಡಮ್ಮಿ ಹೇಳಿದ ಬಣ್ಣವನ್ನು ಇಳಿಸಬೇಕು. ಜೊತೆಗಾರನ ಹತ್ತಿರ ಆ ಬಣ್ಣ ಇರುವುದಿಲ್ಲ, ತುರುಫಿನಿಂದ ಹೊಡೆಯುತ್ತಾನೆ. ಅವರು ಬಹಳ ನಂಬಿಕೆಯಿಂದ ಸಣ್ಣದೊಂದು ಆಟೀನು ಇಳಿಸಿದರು. ಅಕ್ಕನ ಮುಖ ಕೆಂಪಾಯಿತು. ಅವರಿಗೆ ಬೇಕಾಗಿದ್ದದ್ದು ಡೈಮನ್. ಆಟೀನಿನ ರಾಣಿ ಅವರ ಕೈಯಲ್ಲೇ ಇದ್ದಳು.

ಓಂಕಾರಪ್ಪ ತಮ್ಮ ಎಲೆಗಳನ್ನು ಬಿಡಿಸಿ ಮೇಜಿನ ಮೇಲಿಟ್ಟರು. ಆಟೀನಿನ ಎಕ್ಕ, ರಾಜ, ಗುಲಾಮ ಮತ್ತವರ ಪರಿವಾರ, ಮೂರು ಇಸ್ಪೇಟು, ಉಳಿದದ್ದು ಅಷ್ಟಕ್ಕಷ್ಟೆ. ಈಗ ಇದರಲ್ಲಿ ಯಾವ ಎಲೆ ಎಂದು ರೇಣುಕಯ್ಯನವರು ಹೇಳಬೇಕು. ಬೀಗರ ಆಸ್ತಿಯ ಮೇಲೆ ತಾನು ಅಧಿಕಾರ ನಡೆಸುವುದೇ? ಅವರು ಕೈಮುಗಿಯುವಂತೆ ಬಾಗಿ ಹೇಳಿದರು:

"ಯಾವುದಾದರೂ ಹಾಕಿ ಬೀಗರೇ. ನಿಮ್ಮಿಷ್ಟ."

"ಅಯ್ಯೋ, ಕೆಟ್ರಲ್ಲಾ!" ಎಂದರು ಸಿದ್ದಗಂಗಯ್ಯ. "ಹಾಗೆ ಹೇಳೋ ಹಾಗಿಲ್ಲ ಸ್ವಾಮಿ! ಆಡುವವನು 'ಯಾವುದಾದರೂ' ಅಂದ್ರೆ, ಎದುರಾಳಿಗಳಲ್ಲಿ ಯಾರು ಬೇಕಾದ್ರೂ ಆ ಎಲೆ ಆರಿಸಬಹುದು. ಪುಸ್ತಕದಲ್ಲೇ ಇದೆ."

ಭವನವೆಲ್ಲ 'ಚ್ಚು ಚ್ಚು' ಎಂದಿತು. ಕಿಟಕಿಯ ಸರಳನ್ನು ಹಿಡಿದ ಲೋಹಿತಾಳ ಬೆರಳುಗಳು ಬಿಳುಪೇರಿದವು. ಒಂದು ಉಪಚಾರದ ಮಾತಿಗೆ ಮಗಳ ಬಾಳು ಪಾವಗಡದವರ ಕೈಗೆ ಹೋಯಿತು! ಚಿಕ್ಕ ಆಟೀನು ಹಾಕಿಸಿದರೆ ರಾಮಾಂಜಿನಮ್ಮನವರ ರಾಣಿ ಗೆಲ್ಲುತ್ತಾಳೆ; ಹಿಂದೆಯೇ ಡೈಮನ್ ಎಕ್ಕ ಬೀಳುತ್ತದೆ. ಅವರು ಮುಗುಳ್ನಕ್ಕರು. ಮುಖ್ಯೋಪಾಧ್ಯಾಯಿನಿಯ ಅಭ್ಯಾಸದಂತೆ ಮೊದಲು ಕನ್ನಡಕ ಸರಿಪಡಿಸಿಕೊಂಡರು, ಗಂಟಲು ಸರಿಪಡಿಸಿಕೊಂಡರು—

"ರಾಜ! ರಾಜ ಹಾಕಿಸಿ!" ಎಂದು ವಕೀಲರು ಮೇಜು ಗುದ್ದಿ ಕೂಗಿದರು. ರಾಜನ ತಲೆಯನ್ನೇ ಅಕ್ಕ ತುರುಫಿನಿಂದ ಹೊಡೆಯಲಿ ಎಂಬುದು ಅವರ ಭ್ರಾತೃಪ್ರೇಮ.

"ಒರೇಯ್ ರವಣಾ! ನಾ ಪ್ರಾಣಂ ತೀಸಾವು ಕದರಾ!" ಪ್ರಾಣ ತೆಗೆದೆಯಲ್ಲೋ ಎಂದು ಅಕ್ಕ ಕಿರುಚಿದರು.

"ಏಂ ಅಕ್ಕಾ? ನಿನ್ನ ಹತ್ರ ಆಟೀನು ಉಂದಾ?"

"ಬಾಯಿ ಮುಚ್ಚೋ!"

"ಮೊದಲು ಹೇಳಿದ್ದೇ ಊರ್ಜಿತ" ಎಂದರು ಸಿದ್ದಗಂಗಯ್ಯ. ಓಂಕಾರಪ್ಪ ರಾಜನನ್ನು ಮುಂದಿಟ್ಟರು. ರಾಮಾಂಜಿನಮ್ಮ ಹಲ್ಲು ಕಚ್ಚಿ ಚಿಕ್ಕ ಎಲೆ ಬಿಟ್ಟರು. ಮೊದಲ ಪಟ್ಟು ಬಂತು.

ಆಗಲೇ ಆಗಬಾರದ್ದು ಆಯಿತು. ಓಂಕಾರಪ್ಪ ಎದ್ದರು. ಯಾರ ಮುಖವನ್ನೂ ನೋಡದೆ, ಜನರನ್ನು ಸರಿಸಿಕೊಂಡು, ಬಾಗಿಲು ದಾಟಿ ಹೊರಗೆ ಹೊರಟುಹೋದರು.

ರೇಣುಕಯ್ಯನವರು ಬಾಗಿಲ ಕಡೆ ನೋಡಿದರು. ಬೀಗರು ಎದ್ದುಹೋದರು. ತಾಂಬೂಲಕ್ಕೆ ಮುಂಚೆ ಎದ್ದುಹೋದ ಬೀಗರು ತಿರುಗಿ ಬಂದದ್ದುಂಟೇ? ನಾಗಭೂಷಣ ಕಿಟಕಿ ಬಿಟ್ಟು ತಂದೆಯ ಹಿಂದೆ ಓಡಿದ. "ಆಡಿ ಸ್ವಾಮಿ. ಡಮ್ಮಿಯ ಎಲೇನ ನೀವೇ ಎಳೆದು ಹಾಕಬಹುದು" ಎಂದರು ಸಿದ್ದಗಂಗಯ್ಯ, ಶವಸಂಸ್ಕಾರದಲ್ಲಿ ಮಾತಾಡುವ ಧ್ವನಿಯಲ್ಲಿ.

ಇನ್ನು ಉಳಿದ ದಾರಿ ಶಿವನೊಬ್ಬನೇ. ಆಟ ಗೊತ್ತಿಲ್ಲದಿದ್ದರೂ ರೇಣುಕಯ್ಯನವರಿಗೆ ಪಂಕ್ತಿ ಬಡಿಸುವುದು ಗೊತ್ತಿತ್ತು. ದೊಡ್ಡವರಿಗೆ ಮೊದಲು, ಚಿಕ್ಕವರಿಗೆ ಆಮೇಲೆ. ಬೀಗರ ಕಡೆಯಿಂದ ಒಂದು ಇಸ್ಪೇಟು ಎಳೆದು, ಅದರ ಮೇಲೆ ತಮ್ಮ ಎಕ್ಕ ಇಟ್ಟರು. ಎಲ್ಲರೂ ಇಸ್ಪೇಟು ಹಾಕಿದರು. ಅನಂತರ ರಾಜ. ಮತ್ತೆ ಎಲ್ಲರೂ ಹಾಕಿದರು. ಎದುರಾಳಿಗಳ ತುರುಫು ಅಲ್ಲಿಗೆ ಮುಗಿದಿತ್ತು. ಇದು ಅವರೊಬ್ಬರಿಗೆ ಬಿಟ್ಟು ಮಿಕ್ಕೆಲ್ಲರಿಗೂ ಗೊತ್ತಿತ್ತು.

ಒಂದು ಮನೆಯವರಿಗೇ ಬಡಿಸುತ್ತ ಹೋದರೆ ಚೆನ್ನಲ್ಲ, ಬೀಗರ ಕಡೆಗೂ ಹೋಗಬೇಕು ಎಂದು ಆಟೀನಿನ ಕಡೆ ತಿರುಗಿದರು. ಅಲ್ಲಿಯೂ ದೊಡ್ಡವರು ಮೊದಲು: ಎಕ್ಕ. ರಾಮಾಂಜಿನಮ್ಮನವರ ರಾಣಿ ಒಂಟಿಯಾಗಿದ್ದಳು. ಬೇರೆ ದಾರಿಯಿಲ್ಲದೆ ಎಕ್ಕದ ಕೆಳಗೆ ಬಂದು ಬಿದ್ದಳು. ಜನ 'ಆಹಾ' ಎಂದರು. "ಹುಷ್!" ಎಂದರು ಸಿದ್ದಗಂಗಯ್ಯ.

ಆ ಹೊತ್ತಿಗೆ ರೇಣುಕಯ್ಯನವರ ಬಲಗೈಯ ಪಕ್ಕದಲ್ಲಿ ಏನೋ ಸದ್ದಾಯಿತು. ನೋಡಿದರೆ ಒಂದು ಲೋಟ ಕಾಫಿ. ಆರದಿರಲೆಂದು ಮೇಲೆ ಬಟ್ಟಲು ಮುಚ್ಚಿತ್ತು. ಇಟ್ಟವರು ಓಂಕಾರಪ್ಪ. ಇಟ್ಟು, ತಮ್ಮ ಕುರ್ಚಿಗೆ ಹೋಗಿ, ಮಡಿಲಲ್ಲಿ ಕೈಯಿಟ್ಟುಕೊಂಡು ಕುಳಿತರು. ಅವರ ಕಣ್ಣು ರೇಣುಕಯ್ಯನವರ ಮೇಲಿದ್ದರೂ ನೋಡುತ್ತಿದ್ದದ್ದು ಬೇರೆ ಯಾರನ್ನೋ ಎಂಬಂತಿತ್ತು.

ಬೀಗರು ಬಂದರು! ಇನ್ನು ಯಾವ ಭಯ? ಗುಲಾಮ, ಹತ್ತು, ಒಂಬತ್ತು, ಬೀಗರ ಆಟೀನು ಒಂದೊಂದಾಗಿ ಇಳಿಯಿತು. ತಮ್ಮ ಕೈಯಲ್ಲಿ ಆಟೀನು ಮುಗಿದಾಗ ರೇಣುಕಯ್ಯನವರು ಬೇಡದ ಎರಡು ಡೈಮನ್ನುಗಳನ್ನು ಅವುಗಳ ಜೊತೆ ಸಾಗಹಾಕಿದರು. ಕೊನೆಗೆ ಕಳಾವರಿನ ಎಕ್ಕ, ಉಳಿದ ಇಸ್ಪೇಟು. ರಾಮಾಂಜಿನಮ್ಮ ಕಡೆಯವರೆಗೂ ಎದೆಗವಚಿಕೊಂಡಿದ್ದ ಡೈಮನ್ ಎಕ್ಕ ಹದಿಮೂರನೆಯ ಪಟ್ಟಿನಲ್ಲಿ ರೇಣುಕಯ್ಯನವರ ಚಿಲ್ಲರೆ ಇಸ್ಪೇಟಿನ ಕೆಳಗೆ ಮಲಗಿತು.

ಆಮೇಲೆ ಆದ ಗದ್ದಲ ಹೇಳತೀರದು. ಚಿಕ್ಕಲಕ್ಷ್ಮಮ್ಮ ಒಳನುಗ್ಗಿ ಇಸ್ಪೇಟ್ ರಾಜನಿಗೆ ದೃಷ್ಟಿ ತೆಗೆದಳು. ವಕೀಲರು ಅಕ್ಕನ ಹಿಂದೆ, "ಪುಸ್ತಕಂಲೋ ಅಟ್ಲೇ, ಹಂಗೇ ಉಂದಿ ಅಕ್ಕಾ" ಎನ್ನುತ್ತ ಬಸ್‌ಸ್ಟ್ಯಾಂಡಿನವರೆಗೂ ಹೋದರು. ಸಿದ್ದಗಂಗಯ್ಯನವರು ರೇಣುಕಯ್ಯನವರ ಎರಡೂ ಕೈ ಹಿಡಿದರು.

"ಸ್ವಾಮಿ, ಮುಂದಿನ ಭಾನುವಾರ ನಮ್ಮ ಹುಡುಗರಿಗೆ ಮಧುಗಿರಿ ಪದ್ಧತಿ ಪಾಠ ಹೇಳಬೇಕು."

ರೇಣುಕಯ್ಯನವರಿಗೆ ಹುಟ್ಟಿದ ಮೇಲೆ ಮೊದಲ ಬಾರಿಗೆ ನಾಲಿಗೆ ಎದ್ದಿತು. "ನನಗೆ ಬರುವುದಿಲ್ಲ" ಎಂದರು.

"ನೋಡ್ರಪ್ಪಾ ವಿನಯ!" ಎಂದು ಸಿದ್ದಗಂಗಯ್ಯ ಜನರ ಕಡೆ ತಿರುಗಿದರು. "ತುಂಬಿದ ಕೊಡ!"

ಓಂಕಾರಪ್ಪ ಹೊರಗೆ ಹೊಂಗೆಮರದ ಕೆಳಗೆ ನಿಂತಿದ್ದರು. ರೇಣುಕಯ್ಯನವರು ಹೋಗಿ ತಲೆ ತಗ್ಗಿಸಿ ನಿಂತರು.

"ಬೀಗರೇ, ತಪ್ಪಾಯ್ತು. ಮಧುಗಿರಿ ಪದ್ಧತಿ ಅಂತ ಒಂದಿಲ್ಲ. ನನಗೆ ಆಟವೇ ಬರಲ್ಲ."

"ನನಗೂ ಬರಲ್ಲ" ಎಂದರು ಓಂಕಾರಪ್ಪ.

ಮರದ ಮೇಲೆ ಒಂದು ಕಾಗೆ ಕೂಗಿತು. ರೇಣುಕಯ್ಯನವರು ಬಾಯಿ ತೆರೆದುಕೊಂಡೇ ನಿಂತರು.

"ಆ ಕಪ್ಪುಗಳೆಲ್ಲ ನಮ್ಮನೆಯವಳದ್ದು ರೀ. ಬಣ್ಣ ಹೇಳೋಳು ಅವಳು, ಆಡೋಳು ಅವಳು. ನಾನು ಎಲೆ ಬಿಡಿಸಿಟ್ಟು ಕಾಫಿ ತರೋನು. ಅವಳಿಗೆ ಆರಿದ್ದು ಆಗ್ತಿರಲಿಲ್ಲ, ಬಟ್ಟಲು ಮುಚ್ಚಿ ತರಬೇಕು. 'ನಾನು ಹೇಳಿದ ಬಣ್ಣ ಮಾತ್ರ ಕೈಬಿಡಬೇಡಿ, ಅಷ್ಟು ಸಾಕು' ಅಂತಿದ್ದಳು. ನನಗೆ ಗೊತ್ತಿರೋ ಬ್ರಿಡ್ಜು ಅಷ್ಟೇ." ಅವರು ಕನ್ನಡಕ ತೆಗೆದು ಒರೆಸಿದರು. "ಅವಳು ಹೋದ ಮೇಲೆ ಎದುರಿಗೆ ಕೂತೋರೆಲ್ಲ ನನ್ನನ್ನೇ ಆಡು ಅಂದರು. ಇವತ್ತು ನೀವೊಬ್ಬರು ಮೊದಲು ಬಾಯಿ ಬಿಟ್ಟಿರಿ. ಎಲೆ ಕೆಳಗಿಟ್ಟೆ. ಕಾಲು ತಾನಾಗೇ ಕಾಫಿಗೆ ಹೋಯಿತು."

ರೇಣುಕಯ್ಯನವರು, "ಕಾಫಿ ಬಿಸಿಯಾಗೇ ಇತ್ತು" ಎಂದರು.

ಅಷ್ಟರಲ್ಲಿ ಚನ್ನಮಲ್ಲಮ್ಮ ಮಕ್ಕಳ ಜೊತೆ ಅಲ್ಲಿಗೆ ಬಂದರು. ಓಂಕಾರಪ್ಪ ಲೋಹಿತಾಳ ತಲೆಯ ಮೇಲೆ ಕೈಯಿಟ್ಟು, "ಹೂಂ" ಎಂದರು. ಒಂದು ಬಾರಿ ಅಲ್ಲ, ಎರಡು ಬಾರಿ. ಆಮೇಲೆ ರೇಣುಕಯ್ಯನವರ ಕಡೆ ತಿರುಗಿ, "ಮದುವೆ ನಿಮ್ಮ ಮಧುಗಿರಿಯಲ್ಲೇ ಆಗಲಿ" ಎಂದರು.

"ಉಂಟೇ! ನಿಮ್ಮ ಶಿರಾದಲ್ಲೇ ಆಗಲಿ" ಎಂದರು ರೇಣುಕಯ್ಯ.

"ಇಲ್ಲ ಇಲ್ಲ, ಮಧುಗಿರಿ. ಎರಡು ದಿನದ ಮದುವೆ."

"ಶಿರಾ ಅಂದ್ರೆ ಶಿರಾ. ಮೂರು ದಿನ."

"ಮಧುಗಿರಿ. ನಾಲ್ಕು—"

ಚನ್ನಮಲ್ಲಮ್ಮ ಇಬ್ಬರ ನಡುವೆ ಬಂದು ನಿಂತು ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಎಂಟಕ್ಕೆ ಹೋಗೋ ಮುಂಚೆ ಯಾರಾದ್ರೂ ಒಬ್ರು ಪಾಸ್ ಅನ್ರೀ!"

ಓಂಕಾರಪ್ಪ ನಕ್ಕರು. ತಂದೆಯ ನಗು ಕೇಳಿ ನಾಗಭೂಷಣ ಬೆಚ್ಚಿ ನೋಡಿದ. ಅಮ್ಮ ಹೋದ ಮೇಲೆ ಆ ಸದ್ದು ಅವನ ಕಿವಿಗೆ ಬಿದ್ದಿರಲಿಲ್ಲ.

"ಪಾಸ್" ಎಂದರು ಓಂಕಾರಪ್ಪ. ಎಂದವರೇ, ಎಲ್ಲರಿಗೂ ಕಾಫಿ ತರಲು ಹೊರಟರು.